ದಿನಾಚರಣೆಗಳನ್ನು ತರಗತಿಯೊಳಗೆ ತರಲು ಬಿಡಿ: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಲ್ಲಿ,

ಕಲ್ಯಾಣ ಕರ್ನಾಟಕದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕನ ನಮಸ್ಕಾರಗಳು.

ಜೂನ್ 5ರ ಪರಿಸರ ದಿನದಿಂದ ಫೆಬ್ರುವರಿ 28ರ ವಿಜ್ಞಾನ ದಿನದವರೆಗೆ ನಮ್ಮ ಶಾಲೆಗಳಲ್ಲಿ ಆಚರಿಸಬೇಕಾದ ದಿನಗಳಿಗೆ ಬರವಿಲ್ಲ. ಆದರೆ ಸೂಚನೆ ಎಷ್ಟೋ ಸಲ ಹಿಂದಿನ ಸಂಜೆ ಮೊಬೈಲಿಗೆ ಬರುತ್ತದೆ, ಮರುದಿನ ಮಧ್ಯಾಹ್ನದೊಳಗೆ ಫೋಟೊ ಮತ್ತು ವರದಿ ಹೋಗಬೇಕಾಗುತ್ತದೆ. ಹೀಗಾಗಿ ಭಾಷಣ, ಪ್ರಬಂಧ ಸ್ಪರ್ಧೆ, ಛದ್ಮವೇಷಗಳಾಚೆ ಯೋಚಿಸುವ ವ್ಯವಧಾನವೇ ಇರುವುದಿಲ್ಲ. (ಪರಿಸರ ದಿನದ ಸಸಿಗೆ ಪ್ರತಿವರ್ಷ ಅದೇ ಗುಂಡಿ ಸಾಕಾಗುತ್ತದೆ ಎಂಬುದು ಶಿಕ್ಷಕರ ನಡುವಿನ ಹಳೆಯ ನಗೆಮಾತು.)

ಒಮ್ಮೆ ರಾಜ್ಯೋತ್ಸವಕ್ಕೆ ವಾರ ಮೊದಲೇ ಕೆಲಸ ಆರಂಭಿಸಿದೆ. ಏಳನೇ ತರಗತಿಯ ಮಕ್ಕಳಿಂದ ರಟ್ಟಿನ ಮೇಲೆ ರಾಜ್ಯದ ನಕ್ಷೆ ಬರೆಸಿ, 1956ಕ್ಕೆ ಮುಂಚೆ ಯಾವ ಭಾಗ ಯಾವ ಆಡಳಿತದಲ್ಲಿತ್ತೋ ಅದರಂತೆ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಐದು ತುಂಡು ಮಾಡಿಸಿದೆ. ಮದ್ರಾಸಿನಲ್ಲಿದ್ದ ಬಳ್ಳಾರಿ 1953ರಲ್ಲೇ ಮೈಸೂರನ್ನು ಸೇರಿದ್ದರಿಂದ ಅದನ್ನು ಯಾವ ತುಂಡಿಗೆ ಹಚ್ಚಬೇಕೆಂದು ಮಕ್ಕಳಲ್ಲಿ ಜಗಳವೇ ಆಯಿತು. ಮನೆಯ ಹಿರಿಯರನ್ನು ಕೇಳಿ ಬನ್ನಿ ಎಂದಾಗ ಹುಡುಗಿಯೊಬ್ಬಳು ಮುತ್ತಜ್ಜಿಯ ಪೆಟ್ಟಿಗೆಯಿಂದ ಚಾರ್‌ಮಿನಾರ್ ಚಿತ್ರವಿದ್ದ 'ಹಾಲಿ ಸಿಕ್ಕಾ' ಎಂಬ ಹೈದರಾಬಾದ್ ನಿಜಾಮರ ಕಾಲದ ನಾಣ್ಯವನ್ನು ತಂದಳು. ಅದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗ, "ರೊಕ್ಕನ ಬ್ಯಾರೆ ಇತ್ತಂದ್ರ ನಮ್ಮೂರು ಬ್ಯಾರೆ ದೇಶದಾಗ ಇತ್ತೇನ್ರಿ ಸರ?" ಎಂದು ಕೇಳಿದ. ನಿಜಾಮರ ಆಳ್ವಿಕೆ, ಅದು ಕೊನೆಗೊಂಡ 1948ರ ಸೆಪ್ಟೆಂಬರ್ 17, ಆ ದಿನ ರಾಜ್ಯದಲ್ಲಿ ನಮ್ಮ ಭಾಗದಲ್ಲಿ ಮಾತ್ರ ಧ್ವಜ ಏರುವ ಕಾರಣ, ಇವೆಲ್ಲ ಆ ಒಂದು ಪ್ರಶ್ನೆಯ ಬೆನ್ನಿಗೇ ಬಂದವು. ನನ್ನ ಯಾವ ಭಾಷಣದಿಂದಲೂ ಇದು ಆಗಿರಲಿಲ್ಲ.

ವಿಜ್ಞಾನ ದಿನಕ್ಕೂ ಹೆಚ್ಚಿನ ಖರ್ಚು ಬೇಡ. ಗಾಜಿನ ಲೋಟದ ನೀರಿಗೆ ಕೆಲವು ಹನಿ ಹಾಲು ಬೆರೆಸಿ, ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಾಯಿಸಿದರೆ ಪಕ್ಕದಿಂದ ನೋಡುವವರಿಗೆ ತಿಳಿನೀಲಿಯೂ ಎದುರಿನಿಂದ ನೋಡುವವರಿಗೆ ಕೆಂಪುಹಳದಿಯೂ ಕಾಣುತ್ತದೆ. ಇದು ರಾಮನ್ ಪರಿಣಾಮವಲ್ಲ (ಅದರಲ್ಲಿ ಚದುರಿದ ಬೆಳಕಿನ ಅತಿ ಸಣ್ಣ ಪಾಲಿನ ಬಣ್ಣವೇ ಬದಲಾಗುತ್ತದೆ), ಬೆಳಕಿನ ಸಾಮಾನ್ಯ ಚದುರಿಕೆ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಆದರೆ 1921ರ ಹಡಗು ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ಸಿ.ವಿ. ರಾಮನ್ ಅವರು ಬೆನ್ನುಹತ್ತಿದ, 1928ರ ಫೆಬ್ರುವರಿ 28ರ ಶೋಧದವರೆಗೆ ಅವರನ್ನು ಕೊಂಡೊಯ್ದ ಪ್ರಶ್ನೆಯ ಬಾಗಿಲಿಗೆ ಮಗು ಆ ಲೋಟದಿಂದಲೇ ಬರಬಲ್ಲದು. ರಾಮನ್ ಅವರ ಪೇಟ ಕಟ್ಟಿ ನಿಲ್ಲಿಸಿದ ಮಗುವಿಗೆ ಪೇಟ ಮಾತ್ರ ನೆನಪಿರುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ವರ್ಷದ ಆಚರಣೆಗಳ ಪಟ್ಟಿಯನ್ನು, ಯಾವ ದಿನ ಯಾವ ಪಾಠಕ್ಕೆ ಹೊಂದುತ್ತದೆ ಎಂಬ ಸೂಚನೆಯೊಂದಿಗೆ, ಪಠ್ಯಪುಸ್ತಕಗಳ ಜೊತೆಯಲ್ಲೇ ಶಾಲೆಗೆ ತಲುಪಿಸಬೇಕು. ಅವುಗಳಲ್ಲಿ ನಾಲ್ಕೈದನ್ನು ಮಾತ್ರ ಆಯ್ದುಕೊಂಡು ವಾರಗಟ್ಟಲೆ ದುಡಿಯಲು ಶಾಲೆಗೆ ಸ್ವಾತಂತ್ರ್ಯವಿರಲಿ. ಉಳಿದವಕ್ಕೆ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಎರಡು ಮಾತು ಸಾಕು. ಅದೇ ದಿನ ಫೋಟೊ ಕಳಿಸುವ ಪದ್ಧತಿಯನ್ನು ಕೈಬಿಟ್ಟು, ಸಮೂಹ ಸಂಪನ್ಮೂಲ ವ್ಯಕ್ತಿಗಳು (ಸುತ್ತಲಿನ ಕೆಲವು ಶಾಲೆಗಳಿಗೆ ಮಾರ್ಗದರ್ಶನ ನೀಡುವ ಇಲಾಖೆಯವರು) ಭೇಟಿಗೆ ಬಂದಾಗ ಮಕ್ಕಳ ನೋಟ್‌ಬುಕ್ಕನ್ನೇ ತೆರೆದು ನೋಡುವಂತಾಗಲಿ. ಮುಂದಿನ ಸಾಲಿನ ವಾರ್ಷಿಕ ಕ್ರಿಯಾಯೋಜನೆ ಸಿದ್ಧವಾಗುವ ಮೊದಲೇ ಈ ಕುರಿತು ಆದೇಶ ಹೊರಡಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಶಾಲಾ ಶಿಕ್ಷಕ