ಜೂನಿಯರ್‌ಗಳನ್ನು ಸೇರಿಸಿಕೊಂಡ ನಮ್ಮ ವಕೀಲೆಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಚೇಂಬರಿಗೆ ಇಬ್ಬರು ಜೂನಿಯರ್‌ಗಳು ಸೇರಿದ್ದಾರೆ ಅಂತ ನಿಮ್ಮಪ್ಪ ಹೇಳಿದ. ತುಂಬಾ ಖುಷಿಯಾಯಿತು. ನಾಲ್ಕು ಮಾತು ಹೇಳಬೇಕು ಅನ್ನಿಸಿತು.

ಮೊದಲು ದುಡ್ಡಿನ ವಿಷಯ. ಜೂನಿಯರ್‌ಗೆ ತಿಂಗಳಿಗೆ ಕನಿಷ್ಠ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಅದು ಶಿಫಾರಸು ಅಷ್ಟೇ, ಕಡ್ಡಾಯವಲ್ಲ. ಆದರೂ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟುವ ಹುಡುಗಿಗೆ "ಕಲಿಯೋಕೆ ತಾನೇ ಬಂದಿರೋದು" ಅನ್ನುವುದು ಅನ್ಯಾಯ. ಹಾಗಾದರೆ ಮನೆಯಲ್ಲಿ ಅನುಕೂಲ ಇದ್ದವರು ಮಾತ್ರ ಈ ವೃತ್ತಿಯಲ್ಲಿ ಉಳಿಯುತ್ತಾರೆ. ನಿನ್ನ ಜೂನಿಯರ್‌ಗಳು ಬಾಯಿಬಿಟ್ಟು ಕೇಳುವ ಮುಂಚೆ ಕೊಟ್ಟುಬಿಡು.

ವಾಯಿದೆ (ವಿಚಾರಣೆ ಮುಂದೂಡಿಕೆ) ಕೇಳುವುದಕ್ಕೆ ಕಳಿಸುವುದಾದರೂ ಹಿಂದಿನ ಸಂಜೆ ಫೈಲ್ ಓದಿಸು. ಏನೂ ಗೊತ್ತಿಲ್ಲದೆ ಜಡ್ಜ್ ಮುಂದೆ ನಿಂತರೆ, ನಿನಗೆ ಬೀಳಬೇಕಾದ ಬೈಗುಳ ಅವರಿಗೆ ಬೀಳುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಡ್ರಾಫ್ಟ್ ತಿದ್ದುವ ರೀತಿ. ಎಷ್ಟೋ ಸೀನಿಯರ್‌ಗಳು ರಾತ್ರಿ ಒಬ್ಬರೇ ಕೂತು ತಿದ್ದಿ ಟೈಪಿಂಗಿಗೆ ಕೊಟ್ಟುಬಿಡುತ್ತಾರೆ. ಬೇಗ ಮುಗಿಯುತ್ತದೆ, ನಿಜ. ಆದರೆ ಬರೆದವರಿಗೆ ಎಲ್ಲಿ ಎಡವಿದೆ ಅಂತ ತಿಳಿಯುವುದೇ ಇಲ್ಲ. ನೀನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದು. ಪಾಲು ವಿಭಾಗದ ದಾವೆಯಲ್ಲಿ ವಂಶವೃಕ್ಷ ಯಾಕೆ ಸರಿಯಾಗಿರಬೇಕು, ವ್ಯಾಜ್ಯ ಕಾರಣದ, ಅಂದರೆ ದಾವೆ ಹೂಡಲು ಏನು ಕಾರಣ ಹುಟ್ಟಿತು ಅನ್ನುವ ಸಾಲು ಬಿಟ್ಟುಹೋದರೆ ಎದುರು ಪಾರ್ಟಿ ಏನು ಅರ್ಜಿ ಹಾಕುತ್ತಾರೆ, ತಡೆಯಾಜ್ಞೆ ಕೇಳುವಾಗ ಅಫಿಡವಿಟ್‌ನಲ್ಲಿ ಏನನ್ನು ಮುಚ್ಚಿಡಬಾರದು, ಎಲ್ಲವನ್ನೂ ಕಾರಣ ಸಮೇತ ಹೇಳು. ಪಾಟೀಸವಾಲಿನ ಪ್ರಶ್ನೆಗಳನ್ನೂ ಮೊದಲು ಅವರಿಂದಲೇ ಬರೆಸು. ಯಾವುದನ್ನು ಹೊಡೆದುಹಾಕಿದೆ, ಯಾಕೆ ಅಂತ ವಿವರಿಸು. ಆಮೇಲೆ ಒಂದು ಸಣ್ಣ ಸಾಕ್ಷಿಯನ್ನು ಅವರಿಗೇ ಬಿಡು. ನೀನು ಪಕ್ಕದಲ್ಲಿರು. ತಡವರಿಸಿದ ಕೂಡಲೇ ಎದ್ದು ನಿಲ್ಲಬೇಡ. ತಪ್ಪಾದರೆ ಚೇಂಬರಿಗೆ ಬಂದ ಮೇಲೆ ಹೇಳು, ಕಕ್ಷಿದಾರರ ಎದುರಿಗಂತೂ ಬೇಡ.

ಇನ್ನೊಂದು ಇದೆ. ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷದ ವಕೀಲಿಕೆ ಬೇಕು ಅಂತ 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ವಾ? ಅದಕ್ಕೆ ಆ ಕೋರ್ಟಿನ ಪ್ರಧಾನ ನ್ಯಾಯಾಧೀಶರ ಪ್ರಮಾಣಪತ್ರ, ಇಲ್ಲವೇ ಕನಿಷ್ಠ ಹತ್ತು ವರ್ಷ ವಕೀಲಿಕೆ ಮಾಡಿದವರು ಕೊಟ್ಟು ಜಿಲ್ಲೆಯ ಪ್ರಧಾನ ನ್ಯಾಯಾಧೀಶರು ದೃಢೀಕರಿಸಿದ ಪ್ರಮಾಣಪತ್ರ ಬೇಕು ಅಂತಲೂ ಹೇಳಿತು. ಅಂದರೆ ನಿನ್ನಂಥವರ ಸಹಿಗೆ ಈಗ ಬೆಲೆ ಜಾಸ್ತಿ. ಆ ಸಹಿ ತೋರಿಸಿ ಯಾರನ್ನೂ ಕಟ್ಟಿಹಾಕಬೇಡ. ಮಾಡಿದ ಕೆಲಸಕ್ಕೆ ತಕರಾರಿಲ್ಲದೆ ಬರೆದುಕೊಡು. ಪರೀಕ್ಷೆಗೆ ಓದಬೇಕು ಅಂದವರನ್ನು ಸಂಜೆ ಬೇಗ ಬಿಡು.

ನನ್ನ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಪುಸ್ತಕಗಳು ಸುಮ್ನೆ ಕಪಾಟಿನಲ್ಲಿವೆ. ಅವರಿಗೆ ಬೇಕಾದರೆ ಒಂದು ಮಾತು ಹೇಳು, ಕಳಿಸಿಕೊಡುತ್ತೇನೆ.

ನಿನ್ನ ದೊಡ್ಡಪ್ಪ