ಅಪ್ಪನ ಸೂಜಿ, ಹಾಲಿನ ಪ್ಯಾಕೆಟ್

ಫ್ರಾಂಕ್‌ಫರ್ಟ್,
ಆಗಸ್ಟ್ 9

ಅವ್ವ,

ನಾನು ಕ್ಷೇಮ. ಬಸ್ಸಿನವನ ಕೈಲಿ ನೀನು ಕಳಿಸಿದ ಕಾಗದವನ್ನು ತಮ್ಮ ಫೋಟೊ ಹೊಡೆದು ಕಳಿಸಿದ. ಮೂರು ದಿನದಿಂದ ಫೋನ್ ಮಾಡುತ್ತಿದ್ದೇನೆ, ಮಳೆಗೆ ನಿಮ್ಮಲ್ಲಿ ಟವರೇ ಸತ್ತಿದೆ. ತಮ್ಮ ನಾಳೆ ಬೆಳಿಗ್ಗೆ ಮೈಸೂರಿಂದ ಹೊರಡುತ್ತಾನೆ. ಇದನ್ನು ಮೊದಲೇ ಬಸ್ಸಿನವನ ಕೈಲಿ ಕಳಿಸು ಅಂದಿದ್ದೇನೆ, ಅಪ್ಪನ ಎದುರಿಗೇ ಓದಿಸು.

ನೀನು ಬರೆಯುವಾಗಲೇ ಅಪ್ಪ ಇನ್ಸುಲಿನ್ ಬಿಟ್ಟು ಆರು ದಿನ ಆಗಿತ್ತಾ? ಅದೂ ನನ್ನ ಮಾತು ಕೇಳಿ! ಇಲ್ಲಿಯವರು ಹಾಲು, ಮೊಟ್ಟೆ ತಗೊಳ್ಳುವಾಗ ‘ಓನೆ ಗೆನ್‌ಟೆಕ್ನಿಕ್’ ಅಂತ ಬರೆದಿದೆಯಾ ನೋಡ್ತಾರೆ ಅಂತ ಜಂಬ ಕೊಚ್ಚಿಕೊಂಡಿದ್ದು ನಾನೇ. ಕುಲಾಂತರಿ, ಅಂದರೆ ಜೀನ್ ಬದಲಿಸಿದ ಬೆಳೆಯ ಮೇವು ಹಾಕದೆ ಸಾಕಿದ್ದು ಅಂತ ಅದರ ಅರ್ಥ. ಆಹಾರದಲ್ಲಿ ಕುಲಾಂತರಿ ಅಕಸ್ಮಾತ್ ಬೆರೆತಿದ್ದರೂ ಶೇ 0.9 ದಾಟಿದರೆ ಬರೆಯಲೇಬೇಕು. ಆದರೆ ಹಸು ಏನು ತಿಂದಿತ್ತು ಅಂತ ಬರೆಯಬೇಕಾಗಿಲ್ಲ. ಅದಕ್ಕೇ ಈ ಬೇರೆ ಚೀಟಿ. ಅಪ್ಪ ಅಷ್ಟನ್ನು ಹಿಡಿದುಕೊಂಡರು, ಇನ್ಸುಲಿನ್ನೂ ಕುಲಾಂತರಿಯೇ ಅಂತ ದೊಡ್ಡಪ್ಪ ಒಗ್ಗರಣೆ ಹಾಕಿದರು.

ದೊಡ್ಡಪ್ಪ ಹೇಳಿದ್ದು ಸುಳ್ಳಲ್ಲ, ಅವ್ವ. ಕಷ್ಟ ಇರುವುದೇ ಅಲ್ಲಿ. ಮನುಷ್ಯನ ಇನ್ಸುಲಿನ್ ಮಾಡುವ ಜೀನ್ ಅನ್ನು ಬ್ಯಾಕ್ಟೀರಿಯಾಕ್ಕೋ ಯೀಸ್ಟಿಗೋ ಸೇರಿಸಿ ಮುಚ್ಚಿದ ಹಂಡೆಗಳಲ್ಲಿ ಬೆಳೆಸುತ್ತಾರೆ. ಆಮೇಲೆ ಇನ್ಸುಲಿನ್ ಮಾತ್ರ ಬೇರೆ ಮಾಡಿ ಶುದ್ಧ ಮಾಡುತ್ತಾರೆ. ಅಮೆರಿಕದಲ್ಲಿ 1982ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿತ್ತು. ಅದಕ್ಕೂ ಮೊದಲು ಹಂದಿ, ದನಗಳ ಮೇದೋಜೀರಕದಿಂದ ತೆಗೆಯುತ್ತಿದ್ದರು. ಹಂದಿ ಅಂದರೆ ನಮ್ಮೂರಲ್ಲಿ ಯಾರು ಬೇಡ ಅಂತಿದ್ದರು, ಬಿಡು.

ಇಲ್ಲಿಯ ಜನ ಇನ್ನೂ ತಮಾಷೆ. ಇದೇ ಊರಿನ ಹ್ಯೋಕ್ಸ್ಟ್‌ನಲ್ಲಿ ಅಂಥ ಇನ್ಸುಲಿನ್ ಕಾರ್ಖಾನೆಗೆ 1984ರಲ್ಲಿ ಅರ್ಜಿ ಹಾಕಿದರೆ, ಗಲಾಟೆ, ಕೋರ್ಟು ಎಲ್ಲ ಮುಗಿದು ಕೆಲಸ ಶುರುವಾಗಿದ್ದು 1998ರಲ್ಲಿ! ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬ ತಾತ ಇದ್ದಾರೆ. ಮೊಟ್ಟೆಯ ಡಬ್ಬಿಯನ್ನು ಕನ್ನಡಕ ಹಾಕಿ ಓದದೆ ಮುಟ್ಟುವುದಿಲ್ಲ. ನಾನು ಇನ್ಸುಲಿನ್ ಪೆನ್ ಹಿಡಿದು ಹೋದರೆ ಮಾತ್ರ ತಾವೇ ಅಂಗಿ ಎತ್ತಿ ಹೊಟ್ಟೆ ತೋರಿಸುತ್ತಾರೆ.

2010ರಲ್ಲಿ ಕುಲಾಂತರಿ ಬಿಟಿ ಬದನೆ ಬೇಡ ಅಂತ ಅಪ್ಪ ಹಸಿರು ಟವೆಲ್ ಹಾಕಿಕೊಂಡು ಬೆಂಗಳೂರಿನ ಸಭೆಗೆ ಹೋಗಿದ್ದರಲ್ಲ. ಆಮೇಲೆ ಆಗಿನ ಪರಿಸರ ಮಂತ್ರಿ ಜೈರಾಂ ರಮೇಶ್ ತಡೆ ಹಾಕಿದಾಗ ಮನೆಯಲ್ಲಿ ಪಾಯಸ ಆಗಿತ್ತು. ಅವರು ಕೇಳಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಗದ್ದೆಯಲ್ಲಿ ಬೆಳೆದದ್ದರ ಪರಾಗ ಪಕ್ಕದವನ ಗಿಡಕ್ಕೆ ಹೋಗುತ್ತದೆ, ಬೀಜ ಯಾರ ಕೈಲಿರಬೇಕು ಅನ್ನುವ ಜಗಳವೂ ಇದೆ. ಸೀಸೆಯೊಳಗಿನ ಇನ್ಸುಲಿನ್ ಎಲ್ಲಿಗೆ ಹೋಗುತ್ತದೆ? ಅಪ್ಪನ ಹೊಟ್ಟೆಗೆ ತಾನೆ!

ಇನ್ನು ನಮ್ಮ ಕೊಡಗಿನ ಆ ಮದ್ದು ಸೊಪ್ಪು. ಆಟಿ ತಿಂಗಳ ಹದಿನೆಂಟಕ್ಕೆ ಅದರಲ್ಲಿ ಹದಿನೆಂಟು ಮದ್ದು ಸೇರಿರುತ್ತದೆ, ಸೂಜಿ ಯಾಕೆ ಅಂದರಂತೆ ಅಪ್ಪ. ಸೊಪ್ಪಿನ ರಸ ಕುಡಿಯಲಿ, ಮೂತ್ರ ಕೆಂಪಾಯ್ತು ಅಂತ ಖುಷಿಯೂ ಪಡಲಿ. ಆದರೆ ಅದನ್ನು ಬೆಲ್ಲ ಹಾಕಿ ಪಾಯಸ ಮಾಡಿ ಎರಡು ಬಟ್ಟಲು ಕುಡಿದರೆ ಸಕ್ಕರೆ ಇಳಿಯುತ್ತದಾ? ಮಾಡಿಕೊಟ್ಟವಳು ನೀನೇ ಅಲ್ವಾ?

ಏನೂ ಆಗಲ್ಲ ಅವ್ವ, ಹೆದರಬೇಡ. ಖಂಡಿತ ಏನೂ ಆಗಲ್ಲ. ಆದರೂ ತಮ್ಮ ಬಂದ ತಕ್ಷಣ ಜೀಪು ಮಾಡಿಕೊಂಡು ಮಡಿಕೇರಿಗೆ ಕರೆದುಕೊಂಡು ಹೋಗಿ. ಬಿಟ್ಟ ದಿನದ್ದನ್ನೆಲ್ಲ ಸೇರಿಸಿ ಒಟ್ಟಿಗೆ ಹಾಕಿಕೊಳ್ಳಬಾರದು, ಡಾಕ್ಟರ್ ಹೇಳಿದಷ್ಟೇ. ವಾಂತಿ, ವಿಪರೀತ ಬಾಯಾರಿಕೆ, ಏದುಸಿರು ಇದ್ದರೆ ತಮ್ಮನನ್ನೂ ಕಾಯಬೇಡ. ಕರೆಂಟಿಲ್ಲದೆ ಫ್ರಿಜ್ ನಿಂತಿದ್ದರೆ ಆ ಸೀಸೆ ಸರಿ ಇದೆಯಾ ಅಂತಲೂ ಕೇಳಿ. ದುಡ್ಡು ತಮ್ಮನ ಖಾತೆಗೆ ಹಾಕಿದ್ದೇನೆ.

ಡ್ಯೂಟಿಗೆ ಹೊತ್ತಾಯ್ತು, ಟ್ರಾಮ್ ಬಂತು. ದೊಡ್ಡಪ್ಪನಿಗೆ ನಾನು ಬೈದೆ ಅಂತ ಹೇಳಬೇಡ. ಟವರ್ ಸಿಕ್ಕಲ್ಲಿಂದ ತಮ್ಮ ಒಂದು ಮಿಸ್ಡ್ ಕಾಲ್ ಕೊಡಲಿ.

ಪುಟ್ಟಿ