ಟೈಗರ್ ಹೋದ ಮೇಲೆ: ಗೆಳೆಯನಿಗೊಂದು ಪತ್ರ

ಸಿದ್ದಾಪುರ, ಕೊಡಗು

ಪ್ರಿಯ ಪೂಣಚ್ಚ,

ಮೊನ್ನೆ ಫೋನಿನಲ್ಲಿ ನಮ್ಮ ಜಗಳ ಅರ್ಧಕ್ಕೇ ನಿಂತಿತು. ಆಮೇಲೆ ಮೂರು ದಿನ ಕರೆಂಟಿಲ್ಲ, ಟವರೂ ಮಲಗಿತ್ತು. "ಇನ್ನು ಹತ್ತೇ ವರ್ಷ, ಯಂತ್ರಕ್ಕೂ ಮನುಷ್ಯರ ಥರ ಪ್ರಜ್ಞೆ ಬರುತ್ತೆ, ಬರೆದಿಟ್ಕೊ" ಅಂದಿದ್ದೆಯಲ್ಲ, ಬರೆದೇ ಇಡುತ್ತಿದ್ದೇನೆ. ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ.

ನಮ್ಮ ನಾಯಿ ಟೈಗರ್ ಸತ್ತ ರಾತ್ರಿ ನಿದ್ದೆ ಬರಲಿಲ್ಲ. ನೀನೇ ಹಾಕಿಕೊಟ್ಟಿದ್ದ ಆ ಚಾಟ್‌ಬಾಟ್ ಹತ್ತಿರ ಹೇಳಿಕೊಂಡೆ. "ಹದಿಮೂರು ವರ್ಷದ ಜೊತೆಗಾರನನ್ನು ಕಳೆದುಕೊಂಡಿದ್ದೀರಿ, ನನಗೂ ಬೇಸರವಾಯಿತು" ಅಂತ ಬಂತು. ಸುಳ್ಳು ಯಾಕೆ ಹೇಳಲಿ, ಕಣ್ಣು ತುಂಬಿತು. ಅಷ್ಟರಲ್ಲಿ ಬ್ಯಾಟರಿ ಮುಗಿದು ಫೋನು ಆರಿತು. ಅದಿರುವುದು ಫೋನಿನಲ್ಲಲ್ಲ, ಎಲ್ಲೋ ಡೇಟಾ ಸೆಂಟರಿನಲ್ಲಿ ಅನ್ನುತ್ತೀ. ಸರಿ ಮಾರಾಯ, ಹಾಗಾದರೆ ಬೇಸರವಾದದ್ದು ಎಲ್ಲಿ, ಯಾರಿಗೆ?

ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿ ಬೀಜದ ಬಣ್ಣ ನೋಡಿ ಬೇರ್ಪಡಿಸುವ ಯಂತ್ರ ನೋಡಿದ್ದೀಯಲ್ಲ. ಬೀಜ ಜಾರುತ್ತಾ ಬರುತ್ತೆ, ಕ್ಯಾಮೆರಾದೆದುರು ಕರಿ ಬೀಜ ಹಾದರೆ ಸಾಕು, ಫಕ್ ಅಂತ ಗಾಳಿ ಊದಿ ಆಚೆ ತಳ್ಳುತ್ತೆ. ನಮ್ಮ ತೋಟದ ರೈಟರಿಗಿಂತ ಚುರುಕು. ಆದರೂ ಅದಕ್ಕೆ ಕಪ್ಪು "ಕಂಡಿತು" ಅಂತ ಯಾರಿಗೂ ಅನ್ನಿಸಲ್ಲ. ಅದು ಮೂಕ. ಬಾಯಿ ಬಂದ ಯಂತ್ರಕ್ಕೆ ಮಾತ್ರ ನಾವೇ ಮನಸ್ಸನ್ನೂ ಕೊಟ್ಟುಬಿಡುತ್ತೇವೆ.

ಇದು ಹೊಸ ಕಾಯಿಲೆಯೂ ಅಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಅನ್ನುವ ಪ್ರೋಗ್ರಾಮಿನ ಬಗ್ಗೆ ಬರೆದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವ ಸಣ್ಣ ಉಪಾಯ, ಅಷ್ಟೇ. ಅದು ತಯಾರಾಗುವುದನ್ನು ಕಣ್ಣಾರೆ ಕಂಡಿದ್ದ ಅವರ ಸೆಕ್ರೆಟರಿಯೇ, ಅದರ ಜೊತೆ ಮಾತಾಡುವಾಗ "ಸ್ವಲ್ಪ ಹೊರಗಿರುತ್ತೀರಾ?" ಅಂತ ಅವರನ್ನು ಕೇಳಿಕೊಂಡರಂತೆ. ಹಾಗಾಗಿ ನನ್ನ ಕಣ್ಣೀರಿಗೆ ನಾನೇನೂ ನಾಚುವುದಿಲ್ಲ. ಆದರೆ ಅದನ್ನು ಸಾಕ್ಷಿ ಅಂತ ತಗೊಳ್ಳಬೇಡ.

ಟೈಗರ್ ಕೊನೆಯ ಎರಡು ದಿನ ಅಕ್ಕಿರೊಟ್ಟಿ ಮುಟ್ಟಲಿಲ್ಲ. ಬಚ್ಚಲೊಲೆಯ ಬೂದಿ ಪಕ್ಕ ಮಲಗಿರುತ್ತಿದ್ದ. ನಾನು ಹತ್ತಿರ ಹೋದರೆ ತಲೆ ಎತ್ತಲಾಗದೆ, ಬಾಲದ ತುದಿಯನ್ನಷ್ಟೇ ಎರಡು ಸಲ ನೆಲಕ್ಕೆ ಬಡಿಯುತ್ತಿದ್ದ. ಒಂದಕ್ಷರ ಮಾತಿಲ್ಲ. ಒಳಗೆ ಒಬ್ಬ ಇದ್ದಾನೆ ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

"ನಿನ್ನ ತಲೆಯೊಳಗಿರೋದೂ 8,600 ಕೋಟಿ ನರಕೋಶಗಳ ಯಂತ್ರವೇ ಅಲ್ವಾ?" ಅಂತ ನೀನು ಕೇಳಿದೆ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಒಪ್ಪಿದೆ. ಮಾಂಸದಲ್ಲಿ ಹುಟ್ಟಿದ್ದು ಸಿಲಿಕಾನ್‌ನಲ್ಲಿ ಎಂದೆಂದಿಗೂ ಹುಟ್ಟಲ್ಲ ಅಂತ ಹೇಳಲು ನಾನ್ಯಾರು? ಆದರೆ ಮಾಂಸದಲ್ಲಿ ಹೇಗೆ ಹುಟ್ಟಿತು ಅನ್ನುವುದೇ ಬಗೆಹರಿದಿಲ್ಲವಲ್ಲ. ಮೆದುಳಿನಲ್ಲಿ ಪ್ರಜ್ಞೆಯ ಗುರುತು ಇಪ್ಪತ್ತೈದು ವರ್ಷದೊಳಗೆ ಸಿಗುತ್ತೆ ಅಂತ ನರವಿಜ್ಞಾನಿ ಕ್ರಿಸ್ಟೋಫ್ ಕೋಖ್ 1998ರಲ್ಲಿ ತತ್ತ್ವಜ್ಞಾನಿ ಡೇವಿಡ್ ಚಾಲ್ಮರ್ಸ್ ಜೊತೆ ಪಂತ ಕಟ್ಟಿದ್ದರು. 2023ರಲ್ಲಿ ಸೋಲೊಪ್ಪಿ ವೈನ್ ಬಾಟಲಿ ಕೊಟ್ಟರು.

ನಾವೂ ಕಟ್ಟೋಣ. ವೈನು ಅವರಿಗಿರಲಿ, ನಮ್ಮದು ಪಂದಿಕರಿ, ಕಡಂಬುಟ್ಟು ಊಟ. ಹತ್ತು ವರ್ಷ. ಗೆದ್ದವರ್ಯಾರು ಅಂತ ಅಳೆಯುವ ಕೋಲು ಮಾತ್ರ ನೀನೇ ತರಬೇಕು. "ಪ್ರಜ್ಞೆ ಇದೆ ಅಂತ ಯಂತ್ರವೇ ಹೇಳ್ತು" ಅನ್ನುವುದು ನಡೆಯಲ್ಲ. ಪುತ್ತರಿ ಹಬ್ಬಕ್ಕೆ ಬಂದಾಗ ಷರತ್ತು ಮಾತಾಡೋಣ. ಅವ್ವ ಹೊಸ ನಾಯಿಮರಿ ತರಿಸಿದ್ದಾಳೆ, ನಿನ್ನ ಹಳೇ ಚಪ್ಪಲಿಯ ಒಂದು ಪಟ್ಟಿ ಆಗಲೇ ಹೋಯಿತು.

ನಿನ್ನ,
ಬೋಪಣ್ಣ